ಓದುಗರ ಗ್ಯಾರೇಜು: ಹಳೆಯ ಕಾರು, ಸವೆದ ಬುಷ್

ಹಿಂದಿನ ಸಂಚಿಕೆಯಲ್ಲಿ ಹಳೆಯ ಸ್ಪೋರ್ಟಿ ಕಾರುಗಳ ಬಗ್ಗೆ ಪ್ರಶ್ನೆ ಕೇಳಿ ಎಂದಿದ್ದೆವು. ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ಸಸ್ಪೆನ್ಷನ್ ಸದ್ದಿನವು. ಬುಷ್‌ಗೆ, ಅಂದರೆ ಸಸ್ಪೆನ್ಷನ್‌ನ ಕೀಲುಗಳಲ್ಲಿ ಕೂರುವ, ಕಬ್ಬಿಣದ ಕೊಳವೆಯ ಸುತ್ತ ರಬ್ಬರ್ ಇರುವ ತುಂಡಿಗೆ, ಸಂಬಂಧಿಸಿದವನ್ನು ಮಾತ್ರ ಇಲ್ಲಿ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನನ್ನದು 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 1.8 ಟರ್ಬೊ ಪೆಟ್ರೋಲ್. ಬ್ರೇಕ್ ಒತ್ತಿದ ಕೂಡಲೇ ಮುಂದಿನಿಂದ ಒಂದೇ ಒಂದು ‘ಧಡ್’ ಸದ್ದು ಬರುತ್ತದೆ. ಆಕ್ಸಿಲರೇಟರ್ ತುಳಿದರೆ ಸ್ಟೀರಿಂಗ್ ಒಂದು ಕಡೆ ಎಳೆಯುತ್ತದೆ, ಬಿಟ್ಟರೆ ಇನ್ನೊಂದು ಕಡೆ. ಮುಂದಿನ ಟೈರ್‌ಗಳ ಒಳಅಂಚು ಬೋಳಾಗಿದೆ. ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಬೇಕು ಅಂತಾರೆ ಗ್ಯಾರೇಜಿನವರು. ಬದಲಿಸಲಾ ಸರ್?
— ಬೆಂಗಳೂರಿನ ಓದುಗರು

ಉತ್ತರ: ಸದ್ಯಕ್ಕೆ ಬೇಡ. ನೀವು ಬರೆದ ಮೂರೂ ಲಕ್ಷಣ ಬೆರಳು ತೋರಿಸುವುದು ಲೋವರ್ ಆರ್ಮ್‌ನ (ಚಕ್ರವನ್ನು ಕೆಳಗಿನಿಂದ ಕಾರಿಗೆ ಹಿಡಿದಿಡುವ ತೋಳು) ಹಿಂದಿನ ಬುಷ್ ಕಡೆಗೆ. ಶಾಕ್ ಹೋಗಿದ್ದರೆ ಹಂಪ್ ದಾಟಿದ ಮೇಲೆ ಕಾರು ಎರಡು ಮೂರು ಸಲ ತೂಗಾಡುತ್ತದೆ, ಎಣ್ಣೆ ಸೋರಿದ ಗುರುತಿರುತ್ತದೆ. ಬ್ರೇಕ್ ಒತ್ತಿದಾಗ ಒಂದೇ ಸಲ ‘ಧಡ್’ ಎಂದು ಸುಮ್ಮನಾಗುವುದು ಶಾಕ್‌ನ ರೀತಿಯಲ್ಲ.

ನಿಮ್ಮ ಕಾರಿನ ತಳಪಾಯ ನಾಲ್ಕನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್‌ನದು. ಮುಂದಿನ ಚಕ್ರವೊಂದಕ್ಕೆ ಒಂದು ಲೋವರ್ ಆರ್ಮ್, ಅದಕ್ಕೆ ಸಬ್‌ಫ್ರೇಮ್ (ಬಾಡಿಯ ಕೆಳಗೆ ಬಿಗಿದಿರುವ ಕಬ್ಬಿಣದ ಚೌಕಟ್ಟು) ಕಡೆ ಎರಡು ಬುಷ್. ಮುಂದಿನದು ಚಿಕ್ಕದು, ಅಡ್ಡ ಮಲಗಿರುತ್ತದೆ. ಚಕ್ರ ಮೇಲೆ ಕೆಳಗೆ ಆಡುವಾಗ ಆರ್ಮ್ ತಿರುಗುವುದು ಇದರ ಮೇಲೆ. ಹಿಂದಿನದು ದೊಡ್ಡದು, ನೆಟ್ಟಗೆ ನಿಂತಿರುತ್ತದೆ, ಬೋಲ್ಟ್ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಇದರ ರಬ್ಬರಿನಲ್ಲಿ ಬೇಕೆಂದೇ ಬಿಟ್ಟ ಎರಡು ಖಾಲಿ ಜಾಗಗಳಿವೆ. ಬ್ರೇಕ್ ಒತ್ತಿದಾಗ ರಸ್ತೆ ಚಕ್ರವನ್ನು ಹಿಂದಕ್ಕೆ ತಳ್ಳುತ್ತದೆ, ಇಡೀ ಆರ್ಮ್ ಮುಂದಿನ ಬುಷ್ ಸುತ್ತ ತಿರುಗಲು ನೋಡುತ್ತದೆ. ಅದನ್ನು ತಡೆಯುವುದು ಹಿಂದಿನ ಬುಷ್‌ನ ಕೆಲಸ. ರಬ್ಬರ್ ಹರಿದಿದ್ದರೆ ಆ ಖಾಲಿ ಜಾಗ ಮುಚ್ಚಿ ಕಬ್ಬಿಣಕ್ಕೆ ಬಡಿಯುತ್ತದೆ, ನಿಮಗೆ ಕೇಳುವ ಸದ್ದು ಅದೇ. ಜೊತೆಗೇ ಟೋ ಕೋನ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡುವ ಕೋನ, ಬದಲಾಗುತ್ತದೆ. ಎಳೆತ, ಟೈರ್ ಸವೆತ ಎರಡಕ್ಕೂ ಕಾರಣ ಅದು. ಚಕ್ರದ ಕೋನಗಳನ್ನು ಅಳೆಯುವ ಅಲೈನ್‌ಮೆಂಟ್ ಯಂತ್ರದ ಮೇಲೆ ಕಾರು ನಿಂತಿರುತ್ತದಾದ್ದರಿಂದ ಅಲ್ಲಿ ಅಂಕಿಗಳೆಲ್ಲ ಸರಿಯಾಗಿಯೇ ಬರುತ್ತವೆ. ಎಷ್ಟೋ ಜನ ಮೋಸಹೋಗುವುದು ಇಲ್ಲೇ.

ಖಾತರಿ ಮಾಡಿಕೊಳ್ಳಲು ಸಮತಟ್ಟು ಜಾಗದಲ್ಲಿ ಒಬ್ಬರು ಕಾರನ್ನು ಫಸ್ಟ್ ಗೇರಿನಲ್ಲಿ ಒಂದಡಿ ಮುಂದಕ್ಕೆ, ರಿವರ್ಸಿನಲ್ಲಿ ಒಂದಡಿ ಹಿಂದಕ್ಕೆ ಓಡಿಸಿ ಪ್ರತಿ ಸಲ ಗಕ್ಕನೆ ಬ್ರೇಕ್ ಹಾಕಲಿ. ನೀವು ಪಕ್ಕಕ್ಕೆ ದೂರ ನಿಂತು ಚಕ್ರಕ್ಕೂ ಮಡ್‌ಗಾರ್ಡ್ ಅಂಚಿಗೂ ಇರುವ ಸಂದಿಯನ್ನು ನೋಡಿ. ಒಂದು ಬದಿಯ ಚಕ್ರ ಇನ್ನೊಂದಕ್ಕಿಂತ ಎದ್ದುಕಾಣುವಷ್ಟು ಹಿಂದೆ ಮುಂದೆ ಜಗ್ಗಿದರೆ ಅನುಮಾನವೇ ಬೇಡ. ಆಮೇಲೆ ರ‍್ಯಾಂಪ್ ಮೇಲೆ ನಿಲ್ಲಿಸಿ, ಎರಡಡಿ ಉದ್ದದ ಹಾರೆಯಂಥ ಸಲಾಕೆಯನ್ನು ಆರ್ಮ್‌ಗೂ ಸಬ್‌ಫ್ರೇಮ್‌ಗೂ ನಡುವೆ ಕೊಟ್ಟು ಮೀಟಿ. ರಬ್ಬರಿನ ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕಿದ್ದರೆ ಅದು ವಯಸ್ಸಿನದು, ಹೆದರಬೇಕಿಲ್ಲ. ಒಳಗಿನ ಕಬ್ಬಿಣದ ಕೊಳವೆಯಿಂದ ರಬ್ಬರ್ ಬಿಟ್ಟುಕೊಂಡು ಸಂದಿ ಬಾಯಿ ತೆರೆದರೆ ಬದಲಿಸಲೇಬೇಕು.

ಬೇರೆ ಸದ್ದುಗಳೊಂದಿಗೆ ಗೊಂದಲ ಬೇಡ. ಸಣ್ಣ ಜಲ್ಲಿಯ ಮೇಲೆ ನಿಧಾನ ಹೋಗುವಾಗ ‘ಟಕಟಕ’ ಎಂದರೆ ಮೊದಲು ಲಿಂಕ್ ರಾಡ್ ನೋಡಿ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಆ್ಯಂಟಿ-ರೋಲ್ ಬಾರ್ ಎಂಬ ಸರಳನ್ನು ಸಸ್ಪೆನ್ಷನ್‌ಗೆ ಜೋಡಿಸುವ ಸಣ್ಣ ಕೊಂಡಿ). ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ‘ಟಣ್’ ಎಂದು ಸ್ಪ್ರಿಂಗ್ ಹಾರಿದಂತಾದರೆ ಶಾಕ್-ಸ್ಪ್ರಿಂಗ್ ಜೋಡಿಯ ಮೇಲ್ತುದಿಯನ್ನು ಹಿಡಿದಿರುವ ಸ್ಟ್ರಟ್ ಮೌಂಟ್. ಚಕ್ರ ಎತ್ತಿ, ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಾಡಿಸಿದಾಗ ಆಟ ಸಿಕ್ಕರೆ ಬಾಲ್ ಜಾಯಿಂಟ್ (ಆರ್ಮ್‌ನ ಹೊರತುದಿಯನ್ನು ಚಕ್ರದ ಕಡೆಗೆ ಸೇರಿಸುವ ಗುಂಡಿನ ಕೀಲು) ಅಥವಾ ವೀಲ್ ಬೇರಿಂಗ್.

ಪ್ರಶ್ನೆ: ನನ್ನದೂ ಅದೇ ಆಕ್ಟೇವಿಯಾ. ನಾಲ್ಕೂ ಬುಷ್ ತಂದಿಟ್ಟಿದ್ದೇನೆ. ಆರ್ಮ್ ನಾನೇ ಬಿಚ್ಚಿ, ಲೇತ್ ಅಂಗಡಿಯಲ್ಲಿ ಪ್ರೆಸ್ ಮಾಡಿಸಿಕೊಂಡು ಬರುವ ಯೋಚನೆ. ಎಲ್ಲಿ ಎಡವುತ್ತೇವೆ, ಹೇಳಿ.
— ಮೈಸೂರಿನ ಓದುಗರು

ಉತ್ತರ: ಮಾಡಬಹುದಾದ ಕೆಲಸ. ಇಡೀ ಶನಿವಾರ ಬಿಟ್ಟುಕೊಳ್ಳಿ. ಎರಡು ಜಾಕ್ ಸ್ಟ್ಯಾಂಡ್, ಟಾರ್ಕ್ ವ್ರೆಂಚ್ (ಎಷ್ಟು ಬಿಗಿಯುತ್ತಿದ್ದೇವೆ ಎಂದು ಅಳೆಯುವ ಪಾನಾ), ಉದ್ದ ಹಿಡಿಯ ಬ್ರೇಕರ್ ಬಾರ್ ಇಲ್ಲದೆ ಶುರು ಮಾಡಬೇಡಿ. ಇಟ್ಟಿಗೆ, ಸೈಜುಗಲ್ಲು ಕೊಟ್ಟು ಕಾರಿನ ಕೆಳಗೆ ಮಲಗುವುದು ಖಂಡಿತ ಕೂಡದು. ಇಟ್ಟಿಗೆ ಒಡೆಯುವ ಮುನ್ನ ಸೂಚನೆ ಕೊಡುವುದಿಲ್ಲ.

ಪಾನಾ ಕೈಗೆತ್ತಿಕೊಳ್ಳುವ ಮೊದಲೇ ಮಾಡಬೇಕಾದ ಕೆಲಸವೊಂದಿದೆ. ಕಾರು ನಾಲ್ಕೂ ಚಕ್ರದ ಮೇಲೆ ನಿಂತಿರುವಾಗ ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಎರಡೂ ಬದಿ ಅಳೆದು ಬರೆದಿಡಿ. ಕೊನೆಯಲ್ಲಿ ಈ ಅಂಕಿ ಬೇಕೇ ಬೇಕು.

ಇನ್ನು ಬಿಚ್ಚುವುದು. ಎರಡೂ ಬದಿಯ ಚಕ್ರ ತೆಗೆದು, ಲಿಂಕ್ ರಾಡ್ ಕಳಚಿಕೊಳ್ಳಿ. ಬಾಲ್ ಜಾಯಿಂಟನ್ನು ಆರ್ಮ್‌ಗೆ ಹಿಡಿದಿರುವ ಮೂರು ಬೋಲ್ಟ್‌ಗಳ ತೂತು ಉದ್ದುದ್ದವಾಗಿದ್ದು ಜಾಯಿಂಟ್ ಸ್ವಲ್ಪ ಸರಿಯುತ್ತದೆ. ಆದ್ದರಿಂದ ಬಿಚ್ಚುವ ಮೊದಲೇ ಅದರ ಸುತ್ತ ಬಿಳಿ ಪೇಂಟಿನಲ್ಲಿ ಗೆರೆ ಎಳೆಯಿರಿ. ಆಮೇಲೆ ಆರ್ಮ್‌ನ ಎರಡು ದೊಡ್ಡ ಬೋಲ್ಟ್. ಎಡಬದಿಯ ಮುಂದಿನ ಬೋಲ್ಟ್ ಕೆಲವು ಕಾರುಗಳಲ್ಲಿ ಗೇರ್‌ಬಾಕ್ಸ್‌ಗೆ ತಗುಲಿ ಪೂರ್ತಿ ಹೊರಬರುವುದಿಲ್ಲ. ಬೋಲ್ಟ್ ಕತ್ತರಿಸುವ ಯೋಚನೆ ಬೇಡ. ಎಂಜಿನ್‌ನ ಕೆಳಗಿನ ಮೌಂಟ್ ಬಿಚ್ಚಿ, ಎಂಜಿನ್ ಗೇರ್‌ಬಾಕ್ಸನ್ನು ಮುಂದಕ್ಕೆ ತುಸು ತಳ್ಳಿ ಹಿಡಿದರೆ ದಾರಿ ಸಿಗುತ್ತದೆ. ಸಬ್‌ಫ್ರೇಮ್ ಇಳಿಸಬೇಕಾಗಿ ಬಂದರೆ ಅದರ ಜಾಗಕ್ಕೂ ಗುರುತು ಹಾಕಿಕೊಳ್ಳಿ. ಈ ಕಾರಿನಲ್ಲಿ ಮುಂದಿನ ಕ್ಯಾಂಬರ್ (ಚಕ್ರ ಮೇಲ್ಗಡೆ ಒಳಕ್ಕೋ ಹೊರಕ್ಕೋ ವಾಲುವ ಕೋನ) ಎಡಬಲ ಸಮ ಬರುವುದು ಸಬ್‌ಫ್ರೇಮ್ ಎಲ್ಲಿ ಕೂತಿದೆ ಎಂಬುದರ ಮೇಲೆ.

ಲೇತ್ ಅಂಗಡಿಗೆ ಕೊಟ್ಟು ಮನೆಗೆ ಬರಬೇಡಿ, ಪಕ್ಕದಲ್ಲೇ ನಿಲ್ಲಿ. ಹಳೆ ಬುಷ್ ಹೊರಹಾಕುವ ಮೊದಲು ಅದರ ಖಾಲಿ ಜಾಗಗಳು ಯಾವ ದಿಕ್ಕಿಗಿವೆ ಎಂದು ಆರ್ಮ್ ಮೇಲೆ ಗೆರೆ ಹಾಕಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಹೊಸದನ್ನು ತಿರುಗಾಮುರುಗಾ ಕೂರಿಸಿದರೆ ಮೆತ್ತಗಿರಬೇಕಾದ ದಿಕ್ಕು ಗಟ್ಟಿಯಾಗಿ, ಗಟ್ಟಿಯಿರಬೇಕಾದ ದಿಕ್ಕು ಮೆತ್ತಗಾಗುತ್ತದೆ. ಬ್ರೇಕ್ ಎಳೆತ ಹಾಗೇ ಉಳಿದು, ಬುಷ್ ಕೂಡ ಬೇಗ ಹರಿಯುತ್ತದೆ.

ಹಳೆಯದು ಪ್ರೆಸ್ಸಿಗೆ ಬಗ್ಗದಿದ್ದರೆ ಗ್ಯಾಸ್ ಹಚ್ಚಿ ರಬ್ಬರ್ ಸುಡುತ್ತಾರೆ. ಬೇಡವೆನ್ನಿ. ಹೊಗೆ ಕೆಟ್ಟದ್ದು, ಆರ್ಮ್‌ನ ಪೇಂಟ್ ಹೋಗಿ ತುಕ್ಕು ಶುರುವಾಗುತ್ತದೆ. ನಡುವಿನ ರಬ್ಬರ್ ಕೊರೆದು ತೆಗೆದು, ಹ್ಯಾಕ್ಸಾ ಬ್ಲೇಡ್ ಒಳಗಿನಿಂದ ತೂರಿಸಿ ಹೊರ ಕವಚವನ್ನು ಒಂದು ಗೆರೆ ಸೀಳಿದರೆ ಸಾಕು, ಉಳಿಯಲ್ಲಿ ಎರಡು ಏಟಿಗೆ ಕುಗ್ಗಿ ಬರುತ್ತದೆ. ಆರ್ಮ್‌ನ ಗೋಡೆಗೆ ಗರಗಸ ತಾಗಬಾರದು, ಅಷ್ಟೇ. ಆಮೇಲೆ ಒಳಗೋಡೆಯನ್ನು 120 ನಂಬರಿನ ಎಮರಿ ಪೇಪರಿನಲ್ಲಿ ಉಜ್ಜಿ ತುಕ್ಕು ತೆಗೆಯಿರಿ.

ಹೊಸ ಬುಷ್ ಒತ್ತುವಾಗ ಬಲ ಬೀಳಬೇಕಾದದ್ದು ಹೊರ ಕವಚದ ಅಂಚಿನ ಮೇಲೆ. ಅದರಷ್ಟೇ ಅಗಲದ ಪೈಪಿನ ತುಂಡೊಂದು ಬೇಕು, ಲೇತ್‌ನವರ ಹತ್ತಿರ ಇರುತ್ತದೆ. ಅವಸರದಲ್ಲಿ ನಡುವಿನ ಕೊಳವೆಯ ಮೇಲೆ ಪ್ರೆಸ್ ಇಳಿಸಿಬಿಟ್ಟರೆ ರಬ್ಬರ್ ಅಂಟು ಅಲ್ಲೇ ಬಿಟ್ಟು, ಹೊಚ್ಚಹೊಸ ಬುಷ್ ಕಾರಿಗೇರುವ ಮೊದಲೇ ಕೆಟ್ಟಿರುತ್ತದೆ. ಹೊರಗೆ ಏನೂ ಕಾಣಿಸುವುದಿಲ್ಲ. ಜಾರಲು ಸೋಪಿನ ನೀರು ಸಾಕು. ಎಂಜಿನ್ ಆಯಿಲ್, ಗ್ರೀಸ್ ಸವರಬೇಡಿ, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ವಾಪಸ್ ಕೂರಿಸುವಾಗ ಬೋಲ್ಟ್‌ಗಳೆಲ್ಲ ಹೊಸವೇ ಆಗಿರಲಿ. ಇವು ಒಮ್ಮೆ ಹಿಗ್ಗಿಸಿ ಬಿಗಿಯುವಂಥವು. ಆರ್ಮ್‌ನ ಎರಡೂ ಬೋಲ್ಟ್‌ಗೆ 70 ನ್ಯೂಟನ್-ಮೀಟರ್, ಅಲ್ಲಿಂದ ಮುಂದೆ ಇನ್ನೂ 90 ಡಿಗ್ರಿ, ಅಂದರೆ ಕಾಲು ಸುತ್ತು. ಬಾಲ್ ಜಾಯಿಂಟಿನ ಮೂರಕ್ಕೆ 20, ಆಮೇಲೆ 90 ಡಿಗ್ರಿ. ನಿಮ್ಮ ಚಾಸಿ ನಂಬರಿನ ವರ್ಕ್‌ಶಾಪ್ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಕೊನೆಯ ಮಾತು.

ಬಿಗಿಯುವುದು ಯಾವಾಗ ಅನ್ನುವುದು ಎಷ್ಟು ಬಿಗಿ ಅನ್ನುವುದಕ್ಕಿಂತ ದೊಡ್ಡ ವಿಷಯ. ಅಡ್ಡ ಮಲಗಿದ ಮುಂದಿನ ಬುಷ್‌ನಲ್ಲಿ ಏನೂ ಜಾರುವುದಿಲ್ಲ. ಬೋಲ್ಟ್ ಬಿಗಿದ ಕ್ಷಣ ನಡುವಿನ ಕೊಳವೆ ಸಬ್‌ಫ್ರೇಮ್‌ಗೆ ಕಚ್ಚಿಕೊಳ್ಳುತ್ತದೆ, ಹೊರ ಕವಚ ಆರ್ಮ್ ಜೊತೆ ತಿರುಗುತ್ತದೆ, ನಡುವೆ ರಬ್ಬರ್ ತಿರುಚಿಕೊಳ್ಳುತ್ತದೆ. ಚಕ್ರ ನೇತಾಡುವಾಗ ಸುಮಾರು 90 ಮಿ.ಮೀ. ಕೆಳಗಿರುತ್ತದೆ, ಆರ್ಮ್ ಉದ್ದ ಸುಮಾರು 350 ಮಿ.ಮೀ. ಅಂತಿಟ್ಟುಕೊಳ್ಳಿ. ಆಗಲೇ ಬಿಗಿದರೆ ಕಾರು ನೆಲಕ್ಕಿಳಿದಾಗ ರಬ್ಬರ್ 15 ಡಿಗ್ರಿ ತಿರುಚಿಕೊಂಡೇ ನಿಲ್ಲುತ್ತದೆ. ನಿಂತಾಗಲೂ, ರಾತ್ರಿಯಿಡೀ. ಗುಂಡಿಗೆ ಬಿದ್ದಾಗ ಅದರ ಮೇಲೆ ಇನ್ನಷ್ಟು. ವರ್ಷಗಟ್ಟಲೆ ಬರಬೇಕಾದ ಬುಷ್ ಕೆಲವೇ ತಿಂಗಳಲ್ಲಿ ಹರಿಯುವುದು ಹೀಗೆ. ಆದ್ದರಿಂದ ಬೋಲ್ಟ್‌ಗಳನ್ನು ಕೈಬಿಗಿಯಷ್ಟೇ ಹಾಕಿ, ಬಾಲ್ ಜಾಯಿಂಟ್ ಕೆಳಗೆ ಜಾಕ್ ಕೊಟ್ಟು, ಮೊದಲು ಬರೆದಿಟ್ಟ ಎತ್ತರ ಬರುವವರೆಗೆ ಎತ್ತಿ, ಆಗ ಟಾರ್ಕ್ ಹಾಕಿ. ಜಾಕ್ ಸ್ಟ್ಯಾಂಡ್‌ನಿಂದ ಕಾರು ಮೇಲೇಳುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ, ರ‍್ಯಾಂಪ್ ಇರುವ ಕಡೆ, ಕೈಬಿಗಿಯ ಬೋಲ್ಟಿನಲ್ಲಿ ಓಡಿಸದೆ, ಎತ್ತಿ ಸಾಗಿಸಿ ಬಿಗಿಯಿಸಿ. ನೆಟ್ಟಗೆ ನಿಂತ ಹಿಂದಿನ ಬುಷ್‌ಗೆ ಈ ತಿರುಚುವಿಕೆಯ ಕಾಟ ಇಲ್ಲ, ಆದರೂ ಎರಡನ್ನೂ ಒಟ್ಟಿಗೆ ಬಿಗಿಯುವುದೇ ರೂಢಿ.

ಕೊನೆಗೆ ಅಲೈನ್‌ಮೆಂಟ್. ಅದೇ ದಿನ ಆಗದಿದ್ದರೂ 100 ಕಿ.ಮೀ. ದಾಟಿಸಬೇಡಿ.

ಪ್ರಶ್ನೆ: ವಾರಕ್ಕೊಮ್ಮೆ ಚಾರ್ಮಾಡಿ ಘಾಟಿ ಹತ್ತಿ ಇಳಿಯುತ್ತೇನೆ. ಕಾರು ತಿರುವಿನಲ್ಲಿ ಇನ್ನೂ ಗಟ್ಟಿಯಾಗಿ ನಿಲ್ಲಬೇಕು. ಎಲ್ಲ ಬುಷ್ ಪಾಲಿಯುರಿಥೇನ್ ಹಾಕಿಸಿದರೆ ಹೇಗೆ? ಕಾರು ಆಕ್ಟೇವಿಯಾ ಆರ್‌ಎಸ್.
— ಬೆಳ್ತಂಗಡಿಯ ಓದುಗರು

ಉತ್ತರ: ಎಲ್ಲ ಕಡೆ ಬೇಡ. ಪಾಲಿಯುರಿಥೇನ್ ರಬ್ಬರಿಗಿಂತ ಗಟ್ಟಿಯಾದ, ಪ್ಲಾಸ್ಟಿಕ್‌ನಂಥ ವಸ್ತು. ಪಾಲಿ ಬುಷ್ ಕೊಳವೆಗೆ ಅಂಟಿರುವುದಿಲ್ಲ, ಅದರ ಸುತ್ತ ಜಾರಿ ತಿರುಗುತ್ತದೆ. ಒಂದೇ ಅಕ್ಷದಲ್ಲಿ ತಿರುಗುವ ಜಾಗಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಆದರೆ ಆರ್ಮ್‌ನ ಹಿಂದಿನ ಬುಷ್ ಓರೆಯಾಗಿಯೂ ಬಾಗಬೇಕು. ಗಟ್ಟಿ ಪಾಲಿ ಅಲ್ಲಿ ಬಾಗಲು ಒಪ್ಪದೆ ಆರ್ಮ್‌ಗೂ ಬೋಲ್ಟ್‌ಗೂ ಒತ್ತಡ ದಾಟಿಸುತ್ತದೆ. ಮಳೆಗಾಲದ ಕೆಸರು, ಬೇಸಿಗೆಯ ದೂಳು ಒಳಸೇರಿ ಗ್ರೀಸ್ ತೊಳೆದುಹೋದರೆ ಹಳೆ ಮನೆಯ ಬಾಗಿಲಿನಂತೆ ಕಿರುಗುಡುತ್ತದೆ. ಪ್ರತಿ ಸಲ ಬಿಚ್ಚಿ ಸಿಲಿಕಾನ್ ಗ್ರೀಸ್ ಹಚ್ಚುವ ತಾಳ್ಮೆ ಇರಬೇಕು.

ಹಿಂದಿನ ಆಕ್ಸಲ್‌ಗಂತೂ ಪಾಲಿ ಖಂಡಿತ ಬೇಡ. ಎರಡೂ ಹಿಂದಿನ ಚಕ್ರಗಳನ್ನು ಜೋಡಿಸುವ ತೊಲೆಯಂಥ ಈ ಟಾರ್ಶನ್ ಬೀಮ್‌ನ ಬುಷ್‌ಗಳು ಸುಮ್ಮನೆ ಅಡ್ಡ ಕೂತಿಲ್ಲ, ಓರೆಯಾಗಿ ಕೂತಿವೆ. ತಿರುವಿನಲ್ಲಿ ಆಕ್ಸಲ್ ತಾನೇ ತಿರುಗಲು ಹೊರಟಾಗ ಅದನ್ನು ಸರಿಪಡಿಸುವ ಹಾಗೆ ರಬ್ಬರನ್ನು ರೂಪಿಸಿದ್ದಾರೆ. ಅಲ್ಲಿ ಎಲ್ಲ ದಿಕ್ಕಿಗೂ ಒಂದೇ ಗಟ್ಟಿಯ ವಸ್ತು ತುರುಕಿದರೆ ಘಾಟಿಯ ಇಳಿಜಾರಿನಲ್ಲಿ, ಒದ್ದೆ ರಸ್ತೆಯಲ್ಲಿ ಕಾರಿನ ಹಿಂಭಾಗ ಹೇಗೆ ನಡೆದುಕೊಳ್ಳುತ್ತದೆ ಎಂದು ಊಹಿಸುವುದು ಕಷ್ಟ.

ನಮ್ಮ ಆಯ್ಕೆ ಹೇಳುತ್ತೇವೆ. ಮುಂದಿನ ಆ್ಯಂಟಿ-ರೋಲ್ ಬಾರ್ ಬುಷ್‌ಗೆ ಪಾಲಿ ಹಾಕಿಸಿ, ಖರ್ಚು ಕಡಿಮೆ, ವ್ಯತ್ಯಾಸ ಗೊತ್ತಾಗುತ್ತದೆ. ಆರ್ಮ್‌ನ ಮುಂದಿನ ಬುಷ್ ಮೂಲ ರಬ್ಬರ್. ಹಿಂದಿನದಕ್ಕೆ ಮೊದಲ ತಲೆಮಾರಿನ ಆಡಿ ಟಿಟಿಯದು ಹಾಕಿಸಬಹುದು. ತಳಪಾಯ ಒಂದೇ ಆದ್ದರಿಂದ ಕೂರುತ್ತದೆ, ಖಾಲಿ ಜಾಗ ಇಲ್ಲದ ತುಂಬು ರಬ್ಬರ್, ಬ್ರೇಕ್ ಹಾಕಿದಾಗ ಸ್ಟೀರಿಂಗ್ ಎಷ್ಟೋ ನೆಟ್ಟಗಿರುತ್ತದೆ. ಬದಲಿಗೆ ಒರಟು ರಸ್ತೆಯ ನಡುಕ ಒಂದಿಷ್ಟು ಹೆಚ್ಚಾಗಿ ಕೈಗೆ ಬರುತ್ತದೆ. ಆರ್ಮ್‌ಗಳಲ್ಲಿ ಎರಕದ್ದು, ತಗಡಿನದು ಎಂದು ಬಗೆಗಳಿರುವುದರಿಂದ ಕೊಳ್ಳುವ ಮುನ್ನ ಬುಷ್‌ನ ಹೊರವ್ಯಾಸವನ್ನು ವರ್ನಿಯರಿನಲ್ಲಿ ಅಳೆದು ಹೊಂದಿಸಿಕೊಳ್ಳಿ.

ಬ್ರ್ಯಾಂಡ್ ಕೇಳಿದರೆ ಲೆಮ್‌ಫೋರ್ಡರ್, ಮೆಯ್ಲೆ, ಫೆಬಿ ಇವುಗಳಲ್ಲಿ ಯಾವುದಾದರೂ ಸರಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಳ್ಳುವುದಾದರೆ ಡಬ್ಬಿಯ ಮೇಲಿನ ಅಚ್ಚನ್ನು ನಂಬಿ ಕೂರಬೇಡಿ, ಡಬ್ಬಿ ತೆರೆಸಿ ರಬ್ಬರಿನ ಮೇಲೆ ಅಚ್ಚಾಗಿರುವ ನಂಬರ್ ನೋಡಿ. ಉಗುರಿನಿಂದ ಒತ್ತಿದಾಗ ಬಿರುಕು ಕಂಡರೆ ಅದು ಕಪಾಟಿನಲ್ಲೇ ಮುದಿಯಾದ ಮಾಲು.

ಪ್ರಶ್ನೆ: ಫಿಯಟ್ ಪಾಲಿಯೊ 1.6 ಜಿಟಿಎಕ್ಸ್. ಲೋವರ್ ಆರ್ಮ್ ಬುಷ್ ಹಾಕಿಸಿ ನಾಲ್ಕು ತಿಂಗಳಾಗಿತ್ತು, ಮತ್ತೆ ಹರಿದಿವೆ. ಈಗ ಬೇರೆ ಗ್ಯಾರೇಜಿನ ಮೇಸ್ತ್ರಿ ಲೇತ್‌ನಲ್ಲಿ ನೈಲಾನ್ ಬುಷ್ ಕಡೆಸಿ ಹಾಕಿದರೆ ಜೀವಮಾನ ಬರುತ್ತೆ ಅಂತಿದ್ದಾರೆ.
— ಹುಬ್ಬಳ್ಳಿಯ ಓದುಗರು

ಉತ್ತರ: ನೈಲಾನ್ ಬುಷ್ ಬರುತ್ತದೆ ರೀ, ಬಾಡಿ ಬರುವುದಿಲ್ಲ. ಅದು ಬಾಗುವುದೂ ಇಲ್ಲ, ಹೊಡೆತ ನುಂಗುವುದೂ ಇಲ್ಲ. ಗುಂಡಿಯ ಏಟು ನೇರ ಸಬ್‌ಫ್ರೇಮ್‌ನ ಬೆಸುಗೆಗೆ ಹೋಗಿ ಅಲ್ಲಿ ಬಿರುಕು ಬಿಡುತ್ತದೆ. ಟೈರ್ ತುಂಡು ಕತ್ತರಿಸಿ ತುರುಕುವುದು, ಹಳೆ ಬುಷ್‌ಗೆ ಹೊಸ ರಬ್ಬರ್ ಕಟ್ಟಿಸುವುದೂ ಇದೇ ಜಾತಿಗೆ ಸೇರಿದವು.

ನಾಲ್ಕು ತಿಂಗಳಲ್ಲಿ ಹರಿದದ್ದಕ್ಕೆ ಮೂರು ಕಾರಣ ಹುಡುಕಿ. ಮೊದಲನೆಯದು ಮೇಲೆ ಹೇಳಿದ್ದೇ, ಲಿಫ್ಟ್ ಮೇಲೆ ಚಕ್ರ ನೇತಾಡುತ್ತಿದ್ದಾಗಲೇ ಬಿಗಿದಿರುವುದು. ಹರಿದ ಬುಷ್ ಕೈಯಲ್ಲಿ ಹಿಡಿದು ನೋಡಿದರೆ ಗೊತ್ತಾಗುತ್ತದೆ: ಬಿರುಕು ಕೊಳವೆಯ ಸುತ್ತ ತಿರುಪಿನಂತೆ ಓರೆಯಾಗಿ ಹೋಗಿದ್ದರೆ ತಿರುಚಿ ಹರಿದದ್ದು. ಎರಡನೆಯದು ಎಣ್ಣೆ. ಎಂಜಿನ್ ಅಥವಾ ಸ್ಟೀರಿಂಗ್ ಪಂಪಿನ ಸೋರಿಕೆ ಬುಷ್ ಮೇಲೆ ತೊಟ್ಟಿಕ್ಕುತ್ತಿದ್ದರೆ ರಬ್ಬರ್ ಜಿಗುಟಾಗಿ ಊದಿಕೊಂಡಿರುತ್ತದೆ. ಸೋರಿಕೆ ನಿಲ್ಲಿಸದೆ ಹೊಸದು ಹಾಕುವುದು ದುಡ್ಡು ದಂಡ. ಮೂರನೆಯದು ಮಾಲಿನ ಗುಣಮಟ್ಟ: ಹೊರ ಕವಚವೇ ಆರ್ಮ್‌ನಲ್ಲಿ ಸಡಿಲವಾಗಿ ತಿರುಗುತ್ತಿದ್ದರೆ ಅಳತೆ ತಪ್ಪಿದ ಬುಷ್, ಅಥವಾ ಸಲ ಸಲ ಪ್ರೆಸ್ ಮಾಡಿ ಅಗಲವಾದ ಆರ್ಮ್. ಹಾಗಿದ್ದರೆ ಬುಷ್ ಬಿಡಿ, ಬುಷ್ ಸಮೇತ ಬರುವ ಪೂರ್ತಿ ಆರ್ಮ್ ಎರಡೂ ಬದಿಗೆ ಹುಡುಕಿ. ಕೂರಿಸಿದ ಮೇಲೆ ಬಿಗಿಯುವ ಹೊತ್ತಿಗೆ ನೀವೇ ಪಕ್ಕದಲ್ಲಿರಿ, ಕಾರು ಚಕ್ರದ ಮೇಲೆ ನಿಂತಿರಲಿ.

ಪ್ರಶ್ನೆ: ನಾನು ಇಂಗ್ಲೆಂಡಿನಲ್ಲಿದ್ದೇನೆ. 2001ರ ಮಾಜ್ಡಾ ಎಂಎಕ್ಸ್-5 ಕೊಂಡೆ. ಅಲೈನ್‌ಮೆಂಟ್‌ಗೆ ಹೋದರೆ ‘ಬೋಲ್ಟ್ ಹಿಡಿದುಕೊಂಡಿವೆ, ಆಗಲ್ಲ’ ಅಂದರು. ಬುಷ್ ಕೂಡ ಸವೆದಿವೆಯಂತೆ.
— ಕೊವೆಂಟ್ರಿಯಿಂದ ಓದುಗರು

ಉತ್ತರ: ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿನ ಪ್ರತಾಪ. ನಿಮ್ಮ ಕಾರಿನ ನಾಲ್ಕೂ ಮೂಲೆಯಲ್ಲಿ ಡಬಲ್ ವಿಶ್‌ಬೋನ್, ಅಂದರೆ ಮೇಲೊಂದು ಕೆಳಗೊಂದು ಆರ್ಮ್, ಇದೆ. ಕೆಳಗಿನ ಆರ್ಮ್‌ಗಳ ಒಳತುದಿಯಲ್ಲಿ ಮೂಲೆಗೆ ಎರಡರಂತೆ ಒಟ್ಟು ಎಂಟು ಕ್ಯಾಮ್ ಬೋಲ್ಟ್ (ನಡು ತಪ್ಪಿಸಿ ಕೂರಿಸಿದ ಬಿಲ್ಲೆಯಿರುವ ಬೋಲ್ಟ್). ಕೋನ ಹೊಂದಿಸುವುದು ಅವನ್ನು ತಿರುಗಿಸಿಯೇ. ಬೋಲ್ಟಿನ ನಡುಭಾಗ ಬುಷ್‌ನ ಕಬ್ಬಿಣದ ಕೊಳವೆಗೆ ತುಕ್ಕಿನಿಂದ ಬೆಸೆದುಕೊಂಡಿದೆ. ಜೋರಾಗಿ ತಿರುಗಿಸಿದರೆ ಕೊಳವೆಯೂ ಜೊತೆಗೆ ತಿರುಗಿ ರಬ್ಬರ್ ಹರಿಯುತ್ತದೆ, ಬೋಲ್ಟ್ ಬರುವುದಿಲ್ಲ.

ಹೇಗೂ ಬುಷ್ ಬದಲಿಸುವುದಿದೆ, ಹಾಗಾಗಿ ಉಳಿಸಿಕೊಳ್ಳುವ ಹಟ ಬಿಡಿ. ಮೂರು ನಾಲ್ಕು ದಿನ ಮೊದಲಿನಿಂದ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸುತ್ತ ಬನ್ನಿ. ಒಪ್ಪದಿದ್ದರೆ ರೆಸಿಪ್ರೊಕೇಟಿಂಗ್ ಗರಗಸದ ಉದ್ದ ಬ್ಲೇಡನ್ನು ಬುಷ್‌ಗೂ ಸಬ್‌ಫ್ರೇಮ್‌ನ ಕಿವಿಗೂ ನಡುವೆ ತೂರಿಸಿ ಎರಡೂ ಬದಿ ಕತ್ತರಿಸಿ. ಸಬ್‌ಫ್ರೇಮ್‌ಗೆ ಗಾಯವಾಗಬಾರದು. ಹೊಸ ಕ್ಯಾಮ್ ಬೋಲ್ಟ್, ಕ್ಯಾಮ್ ಬಿಲ್ಲೆ, ನಟ್ ಎಂಟೂ ಸೆಟ್ ಮೊದಲೇ ತರಿಸಿಟ್ಟುಕೊಳ್ಳಿ. ಎಲ್ಲಕ್ಕಿಂತ ಕಾಡುವುದು ಹಿಂದಿನ ಆರ್ಮ್‌ನ ಹೊರತುದಿಯಲ್ಲಿ ಹಬ್ ಮೂಲಕ ಹಾದುಹೋಗುವ ಉದ್ದ ಬೋಲ್ಟ್. ಅದಕ್ಕೂ ಹೊಸದು ಕೈಯಲ್ಲಿರಲಿ.

ಕೂರಿಸುವಾಗ ಬೋಲ್ಟಿನ ನಯವಾದ ನಡುಭಾಗಕ್ಕೆ ತೆಳುವಾಗಿ ತಾಮ್ರದ ಗ್ರೀಸ್ ಹಚ್ಚಿ. ತಿರುಪಿನ ಗೆರೆಗಳಿಗೆ ಹಚ್ಚಬೇಡಿ, ಹಚ್ಚಿದರೆ ಅದೇ ಟಾರ್ಕ್‌ಗೆ ಬೋಲ್ಟ್ ಅತಿಯಾಗಿ ಹಿಗ್ಗುತ್ತದೆ. ಕ್ಯಾಮ್‌ಗಳನ್ನು ನಡುಮಧ್ಯಕ್ಕೆ ಇಟ್ಟು ನಿಧಾನವಾಗಿ ಅಲೈನ್‌ಮೆಂಟ್ ಅಂಗಡಿಗೆ ಹೋಗಿ. ಅಲ್ಲಿ ಕೊನೆಯ ಬಿಗಿತ ಕಾರು ನೆಲದ ಮೇಲಿದ್ದಾಗಲೇ ಆಗುವುದರಿಂದ ಒಂದು ಚಿಂತೆ ಕಡಿಮೆ. ಅಲ್ಲಿನ ಕಡ್ಡಾಯ ವಾರ್ಷಿಕ ವಾಹನ ಪರೀಕ್ಷೆಯಾದ ಎಂಒಟಿ ತಪಾಸಣೆಯಲ್ಲಿ ಅತಿಯಾಗಿ ಸವೆದ ಬುಷ್‌ಗೆ ಕಾರು ಫೇಲ್ ಆಗಬಹುದು, ಆದ್ದರಿಂದ ತಾರೀಖು ಹತ್ತಿರವಿದ್ದರೆ ಮುಂದೂಡಬೇಡಿ.

ಪ್ರಶ್ನೆ: ಆ್ಯಂಟಿ-ರೋಲ್ ಬಾರ್‌ನ ಬುಷ್ ಹೊಸದು ಹಾಕಿದರೂ ‘ಕಟಕಟ’ ಹೋಗಿಲ್ಲ.
— ಕಲಬುರಗಿಯ ಓದುಗರು

ಉತ್ತರ: ಬಾರ್‌ನ ದಪ್ಪ ಅಳೆಯಿರಿ. ಒಂದೇ ಮಾಡೆಲಿನಲ್ಲೂ ಎಂಜಿನ್‌ಗೆ ತಕ್ಕಂತೆ ಬಾರ್ ದಪ್ಪ ಬದಲಾಗುತ್ತದೆ, ಬುಷ್ 1 ಮಿ.ಮೀ. ದೊಡ್ಡದಾದರೂ ಬಡಿಯುತ್ತದೆ. ಅಳತೆ ಸರಿಯಿದ್ದರೆ ಬುಷ್ ಕೂರುವ ಜಾಗದ ತುಕ್ಕನ್ನು ಎಮರಿಯಿಂದ ತೆಗೆದು ಮತ್ತೆ ಕೂರಿಸಿ. ಆಮೇಲೂ ಸದ್ದಿದ್ದರೆ ಅದು ಲಿಂಕ್ ರಾಡ್.

ಪ್ರಶ್ನೆ: ಬುಷ್ ಎಲ್ಲ ಹೊಸದಾದ ಮೇಲೆ ಕಾರಿನ ಮುಂಭಾಗ ಎರಡು ಬೆರಳು ಎತ್ತರ ನಿಂತಿದೆ. ಸ್ಪ್ರಿಂಗ್ ಬದಲಿಸಿಲ್ಲ. ತಾನಾಗಿ ಇಳಿಯುತ್ತದೆ ಎನ್ನುತ್ತಾರೆ.
— ಶಿವಮೊಗ್ಗದ ಓದುಗರು

ಉತ್ತರ: ತಾನಾಗಿ ಇಳಿಯುವುದು ರಬ್ಬರ್ ಹರಿದ ಮೇಲೆ. ನೇತಾಡುವ ಸ್ಥಿತಿಯಲ್ಲಿ ಬಿಗಿದ ಬುಷ್‌ಗಳು ತಿರುಚಿಕೊಂಡು ತಾವೇ ಸ್ಪ್ರಿಂಗ್‌ನಂತೆ ಕಾರನ್ನು ಎತ್ತಿಹಿಡಿದಿವೆ. ಇವತ್ತೇ ರ‍್ಯಾಂಪ್ ಅಥವಾ ಸರ್ವಿಸ್ ಗುಂಡಿಯ ಮೇಲೆ, ಚಕ್ರಗಳ ಮೇಲೆ ಭಾರ ಇರುವಂತೆ ನಿಲ್ಲಿಸಿ. ಆರ್ಮ್‌ಗಳ ಬೋಲ್ಟ್‌ಗಳನ್ನು ಒಂದೂವರೆ ಸುತ್ತು ಸಡಿಲಿಸಿ, ಬಾನೆಟ್ ಅಂಚು ಹಿಡಿದು ಮೂರು ನಾಲ್ಕು ಸಲ ಕೆಳಕ್ಕೆ ಒತ್ತಿ ಬಿಡಿ. ಕಾರು ತನ್ನ ಎತ್ತರಕ್ಕೆ ಇಳಿದು ನಿಂತ ಮೇಲೆ ಟಾರ್ಕ್ ಹಾಕಿ. ಹಿಗ್ಗಿಸಿ ಬಿಗಿಯುವ ಬೋಲ್ಟ್ ಆಗಿದ್ದರೆ ಒಂದೊಂದಾಗಿ ತೆಗೆದು ಹೊಸದು ಹಾಕಿ ಬಿಗಿಯಿರಿ. ಬುಷ್ ಹಾಕಿ ಒಂದೆರಡು ದಿನವಷ್ಟೇ ಆಗಿದ್ದರೆ ಅವು ಉಳಿಯುತ್ತವೆ, ಅಲೈನ್‌ಮೆಂಟ್ ಮಾತ್ರ ಮತ್ತೊಮ್ಮೆ ಮಾಡಿಸಬೇಕು. ಎತ್ತರ ತಪ್ಪಿದ್ದಾಗ ಮಾಡಿಸಿದ್ದು ಲೆಕ್ಕಕ್ಕಿಲ್ಲ.